ಪೆರ್ನಾಲ್ ಕಾರ್ಡಿಗೆ ಮಿಂಚು ಹಚ್ಚುವುದು: ಉದುರದಂತೆ, ಊರಿನ ನೀರಿಗೂ ಸೇರದಂತೆ

ಪೆರ್ನಾಲ್ ಚಂದ್ರ ಕಂಡ ಐದೇ ನಿಮಿಷದಲ್ಲಿ ಮೊಬೈಲ್ ತುಂಬ 'ಈದ್ ಮುಬಾರಕ್' ಚಿತ್ರಗಳು. ಒಂದೇ ಚಿತ್ರ ಹತ್ತು ಗ್ರೂಪಿನಲ್ಲಿ, ಮರುದಿನ ಡಿಲೀಟ್. ಇಪ್ಪತ್ತನೇ ಶತಮಾನದ ಆರಂಭಕ್ಕೇ ಲಾಹೋರ್, ದಿಲ್ಲಿ, ಮುಂಬೈಗಳಲ್ಲಿ ಈದ್ ಕಾರ್ಡ್ ಅಚ್ಚಾಗಿ ಅಂಚೆಯಲ್ಲಿ ಓಡಾಡುತ್ತಿತ್ತು. ಈಗ ಕಾಸರಗೋಡು, ಉಪ್ಪಳದ ಪೇಟೆಯಲ್ಲಿ ಹುಡುಕಿದರೂ ಒಳ್ಳೆಯದೊಂದು ಸಿಗುವುದು ಕಷ್ಟ. ಬೇಕಾದವರು ಕೈಯಲ್ಲೇ ಮಾಡಬೇಕು. ಮಾಡುವಾಗ ಮಕ್ಕಳಿಗೆ ಮಿಂಚಿನ ಪುಡಿ, ಅಂದರೆ ಗ್ಲಿಟರ್ ಬೇಕೇ ಬೇಕು. ತಾಪತ್ರಯ ಶುರುವಾಗುವುದೂ ಅಲ್ಲಿಂದಲೇ. ಕಾರ್ಡ್ ಅಜ್ಜಿಯ ಮನೆ ತಲುಪುವಷ್ಟರಲ್ಲಿ ಚಂದ್ರ ಬೋಳು, ಮಿಂಚೆಲ್ಲ ಕವರಿನ ತಳದಲ್ಲಿ!

ಮೊದಲ ತಪ್ಪು ಕಾಗದದ್ದು. ಚಾರ್ಟ್ ಪೇಪರ್ ತೆಳು. ಅಂಟು ತಾಗಿದ ಕೂಡಲೇ ಮುದುಡುತ್ತದೆ. 250 ಅಥವಾ 300 ಜಿಎಸ್‌ಎಂ ದಪ್ಪದ ಕಾಗದ ಕೇಳಿ ತರಬೇಕು. ಆದರೆ 300 ಜಿಎಸ್‌ಎಂನ ಇಡೀ ಎ4 ಹಾಳೆಯೇ ಸುಮಾರು 19 ಗ್ರಾಂ ತೂಗುತ್ತದೆ. ಸಾದಾ ಪತ್ರದ ಮೊದಲ ಅಂಚೆ ದರ 20 ಗ್ರಾಂವರೆಗೆ ಮಾತ್ರ. ಕವರು, ಮಿಂಚು ಸೇರಿದರೆ ಮೀರಿತು. ಹಾಳೆಯನ್ನು ಅರ್ಧ ಕತ್ತರಿಸಿ, ಆ ಅರ್ಧವನ್ನು ಮಡಿಸಿದರೆ ಒಂದು ಹಾಳೆಯಲ್ಲಿ ಎರಡು ಕಾರ್ಡ್, ತೂಕವೂ ಹಿಡಿತದಲ್ಲಿ.

ಚಂದ್ರ ಬಿಡಿಸಲು ಕಂಪಾಸ್ ಬೇಕಿಲ್ಲ. ಒಂದು ಬಳೆ ಇಟ್ಟು ಸುತ್ತು ಗೆರೆ ಎಳೆಯಿರಿ, ಅದರೊಳಗೆ ಸ್ವಲ್ಪ ಚಿಕ್ಕ ಮುಚ್ಚಳವನ್ನು ಒಂದು ಬದಿಗೆ ಸರಿಸಿ ಇನ್ನೊಂದು ಗೆರೆ. ನಡುವೆ ಉಳಿದದ್ದೇ ಚಂದ್ರ. ಅಗಲದ ಡಬಲ್ ಸೈಡ್ ಟೇಪನ್ನು ಈ ಆಕಾರಕ್ಕೆ ಕತ್ತರಿಸಿ ಅಂಟಿಸಿ, ಮೇಲಿನ ಕಾಗದ ಸುಲಿದು ಮಿಂಚು ಸುರಿದು ಬೆರಳಲ್ಲಿ ಒತ್ತಿದರೆ ಅಂಚು ನೇರ, ಒದ್ದೆಯ ರಗಳೆ ಇಲ್ಲ. ಮಕ್ಕಳ ಕೈಗೆ ಇದೇ ಸರಿ.

ಫೆವಿಕಾಲ್‌ನಲ್ಲೇ ಮಾಡುವವರು ನಾಲ್ಕು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿ ಬ್ರಷ್‌ನಲ್ಲಿ ತೆಳುವಾಗಿ ಹಚ್ಚಲಿ. ಟ್ಯೂಬಿನಿಂದ ನೇರ ಹಿಂಡಿದರೆ ಮೇಲಿನ ಪದರ ಮಾತ್ರ ಒಣಗಿ ಒಳಗೆ ಹಸಿ ಉಳಿಯುತ್ತದೆ. ಕರಾವಳಿಯ ತೇವಕ್ಕೆ ಅದು ಬೇಗ ಒಣಗುವುದೂ ಇಲ್ಲ. ಮಿಂಚು ಹೆಚ್ಚಾಗಿ ಉದುರುವುದು ಇದೇ ಕಾರಣಕ್ಕೆ. ಮಿಂಚು ಹಾಕುವ ಜಾಗಕ್ಕೆ ಮೊದಲೇ ಅದೇ ಬಣ್ಣದ ಪೋಸ್ಟರ್ ಕಲರ್ ಬಳಿದು ಒಣಗಿಸಿಟ್ಟರೆ ನಡುವಿನ ಖಾಲಿ ಕಾಣಿಸುವುದಿಲ್ಲ. ಎರಡು ಬಣ್ಣ ಇದ್ದರೆ ಒಂದು ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಒಂದು ರಾತ್ರಿ ಬಿಟ್ಟು, ಒಣ ಬ್ರಷ್‌ನಿಂದ ಸಡಿಲ ಕಣ ತೆಗೆದು, ಮೇಲೆ ತೆಳುವಾದ ಅಂಟುನೀರು ಒಂದು ಸಲ ಹಚ್ಚಿ. ಹೊಳಪು ಚೂರು ಕಡಿಮೆ ಆದೀತು, ಆದರೆ ನಿಲ್ಲುತ್ತದೆ.

ಬರವಣಿಗೆಯದ್ದು ಬೇರೆ ಕತೆ. ಕನ್ನಡ ಅಕ್ಷರಗಳೆಲ್ಲ ದುಂಡು. 'ಈ', 'ಮು' ಬರೆದರೆ ಅಂಟು ಹರಡಿ ಒಳಗಿನ ಸುಳಿ ತುಂಬಿಬಿಡುತ್ತದೆ. ಅದಕ್ಕೆ ಉಲ್ಟಾ ಮಾಡಿ ನೋಡಿ: ಅಕ್ಷರಗಳನ್ನು ಸ್ಟಿಕ್ಕರ್ ಕಾಗದದಲ್ಲಿ ಕತ್ತರಿಸಿ ಹಗುರವಾಗಿ ಅಂಟಿಸಿ, ಸುತ್ತಲೂ ಮಿಂಚು ಹಾಕಿ, ಒಣಗಿದ ಮೇಲೆ ಅಕ್ಷರ ಸುಲಿಯಿರಿ. ಮಿಂಚಿನ ನಡುವೆ ಬಿಳಿ ಅಕ್ಷರ ಸ್ಪಷ್ಟ ಕಾಣುತ್ತದೆ. ಅರಬಿಯಲ್ಲಿ ಅಲ್ಲಾಹನ ನಾಮವನ್ನೋ ಆಯತ್ತನ್ನೋ ಬರೆಯುವ ಮೊದಲು, ಈ ಕಾರ್ಡ್ ಮುಂದೊಂದು ದಿನ ಎಲ್ಲಿಗೆ ಬೀಳುತ್ತದೆ ಎಂದು ಯೋಚಿಸುವ ಮನೆಗಳಿವೆ. ಅವರಿಗೆ ಚಂದ್ರ, ನಕ್ಷತ್ರ, ಹೂಬಳ್ಳಿಗಳೇ ಸಾಕು.

ಇನ್ನು ಮಿಂಚು ಅಂದರೆ ಏನು? ಪಾಲಿಯೆಸ್ಟರ್ ಹಾಳೆಗೆ ಅಲ್ಯುಮಿನಿಯಂನ ಅತಿ ತೆಳು ಲೇಪ ಕೊಟ್ಟು, ಬಣ್ಣ ಹಾಕಿ, ಹೆಚ್ಚಾಗಿ ಆರು ಮೂಲೆಯ ಚೂರುಗಳಾಗಿ ಕತ್ತರಿಸಿದ್ದು. ಅಂದರೆ ಪ್ಲಾಸ್ಟಿಕ್ಕೇ. ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರ್‌ನಿಂದ ಇಂಥ ಬಿಡಿ ಪ್ಲಾಸ್ಟಿಕ್ ಮಿಂಚಿನ ಮಾರಾಟ ನಿಲ್ಲಿಸಿದೆ. ಇಲ್ಲಿ ಕೆಲಸ ಮುಗಿದ ಮೇಲೆ ತಟ್ಟೆ, ಬ್ರಷ್ ಎಲ್ಲ ನಲ್ಲಿಯಡಿ ತೊಳೆಯುವುದು ರೂಢಿ. ಆ ನೀರು ಚರಂಡಿಗೆ, ಅಲ್ಲಿಂದ ಹೊಳೆಗೆ, ಕೊನೆಗೆ ನಮ್ಮ ಮೀನಿನ ಕಡಲಿಗೆ. ಹಳೇ ಪತ್ರಿಕೆ ಹಾಸಿ ಕೂತು, ಉಳಿದದ್ದನ್ನು ಅದೇ ಕಾಗದ ಮಡಿಸಿ ಡಬ್ಬಿಗೆ ಸುರಿದು, ನೆಲದ ಚೂರನ್ನು ಟೇಪಿನಿಂದ ಒತ್ತಿ ತೆಗೆದರೆ ನೀರೇ ಬೇಡ. ಕಣ್ಣಿಗೆ ಬಿದ್ದರೆ ಮಾತ್ರ ಉಜ್ಜದೆ ಧಾರಾಳ ನೀರಲ್ಲಿ ತೊಳೆಯಬೇಕು. ನೋವು ನಿಲ್ಲದಿದ್ದರೆ ಡಾಕ್ಟರ್ ಬಳಿ.

ಉಪ್ಪಿಗೆ ಬಣ್ಣ ಹಾಕಿ ಮಿಂಚು ಮಾಡಿ ಎಂಬ ವಿಡಿಯೊಗಳಿವೆ. ಕಾಸರಗೋಡಿನ ಗಾಳಿಗೆ ಅದು ನೀರೊಡೆಯುತ್ತದೆ, ಬಿಟ್ಟುಬಿಡಿ. ಅದಕ್ಕಿಂತ ಮನೆಮನೆಯಲ್ಲೂ ರಾಶಿ ಬಿದ್ದಿರುವ ಹಳೇ ಮದುವೆ ಕಾಗದಗಳೇ ವಾಸಿ. ಅವುಗಳ ಬಂಗಾರದ ಅಂಚು, ಬಳ್ಳಿ ಕತ್ತರಿಸಿ ಅಂಟಿಸಿದರೆ ಉದುರುವ ಪ್ರಶ್ನೆಯೇ ಇಲ್ಲ, ಖರ್ಚೂ ಇಲ್ಲ.

ಕವರಿಗೆ ಹಾಕುವ ಮೊದಲು ಮಿಂಚಿನ ಮೇಲೆ ಒಂದು ಬಟರ್ ಪೇಪರ್ ಇಡಿ. ಗಲ್ಫಿಗಾದರೆ ಹೆಚ್ಚಿನ ಕಡೆ ಪತ್ರ ಹೋಗುವುದು ಮನೆಗಲ್ಲ, ಪಿ.ಒ. ಬಾಕ್ಸಿಗೆ, ಆ ನಂಬರ್ ಮೊದಲೇ ಕೇಳಿಟ್ಟುಕೊಳ್ಳಬೇಕು. ಅಥವಾ ರಜೆ ಮುಗಿಸಿ ಹೊರಟ ನೆರೆಮನೆಯವರ ಪೆಟ್ಟಿಗೆಯಲ್ಲಿ, ಹಲ್ವದ ಪೊಟ್ಟಣದ ಎಣ್ಣೆ ತಾಗದ ಹಾಗೆ, ಪುಸ್ತಕದೊಳಗೆ ಇಟ್ಟು ಕೊಟ್ಟರೂ ಆಯಿತು.