ಒಂದರ ಬೆಲೆಗೆ ಎರಡು ತಟ್ಟೆ

1979ರ ಡಿಸೆಂಬರ್ 14ರಂದು ಬ್ರಿಟನ್ನಿನ ಅಂಗಡಿಗಳಿಗೆ ಬಂದ ಆ ಆಲ್ಬಮ್ಮಿನ ಹೊದಿಕೆಯೊಳಗೆ ಎರಡು ಎಲ್‌ಪಿ ತಟ್ಟೆಗಳಿದ್ದವು. ಬೆಲೆ ಮಾತ್ರ ಒಂದರದ್ದೇ, ಸುಮಾರು 5 ಪೌಂಡ್. ಆಲ್ಬಮ್ಮಿನ ಹೆಸರು ‘ಲಂಡನ್ ಕಾಲಿಂಗ್’, ಹಾಡಿದ್ದು ‘ದಿ ಕ್ಲ್ಯಾಶ್’ ಎಂಬ ಪಂಕ್ ರಾಕ್ ತಂಡ.

ಪಂಕ್ ಕೇಳುತ್ತಿದ್ದವರಲ್ಲಿ ಜೇಬು ಬರಿದಾದ ಹುಡುಗ ಹುಡುಗಿಯರೇ ಹೆಚ್ಚು. ಅವರ ಕೈಗೆ ದುಬಾರಿ ಜೋಡಿ ತಟ್ಟೆ ಕೊಡಲು ತಂಡಕ್ಕೆ ಮನಸ್ಸಿರಲಿಲ್ಲ. ಕಡಿಮೆ ಬೆಲೆಗೆ ಕೊಡಲು ಅವರ ರೆಕಾರ್ಡ್ ಕಂಪನಿ ಸಿಬಿಎಸ್ ಒಪ್ಪಲಿಲ್ಲ. ಹಾಗಾದರೆ ಆಲ್ಬಮ್ ಜೊತೆ ಒಂದು ಸಿಂಗಲ್ ಪುಕ್ಕಟೆ ಕೊಡಬಹುದೇ ಎಂದು ಕೇಳಿದರು. ಕಂಪನಿ ಹೂಂ ಅಂದಿತು. ಅದು 12 ಇಂಚಿನದಾದರೆ? ಅದಕ್ಕೂ ಹೂಂ. ಆ ಪುಕ್ಕಟೆ ತಟ್ಟೆಯೊಳಗೆ ಕೊನೆಗೆ ಒಂಬತ್ತು ಹಾಡುಗಳು ಸೇರಿಕೊಂಡವು. ಕೇಳುಗರ ಮೇಲಿನ ಇಂಥ ಅಕ್ಕರೆ ನನಗೆ ಹಾಡುಗಳಷ್ಟೇ ದೊಡ್ಡದಾಗಿ ಕಾಣುತ್ತದೆ.

ತಂಡದವರೇನೂ ಸ್ಥಿತಿವಂತರಾಗಿರಲಿಲ್ಲ. ಹಳೆಯ ಮ್ಯಾನೇಜರನಿಂದ ಬೇರೆಯಾಗಿ, ಸಾಲ ಹೊತ್ತು, ಪಿಮ್ಲಿಕೋದಲ್ಲಿ ಗ್ಯಾರೇಜೊಂದರ ಹಿಂದಿದ್ದ ‘ವನಿಲ್ಲಾ’ ಎಂಬ ಜಾಗದಲ್ಲಿ ಅಭ್ಯಾಸಕ್ಕೆ ಕೂತಿದ್ದರು. ಜೋ ಸ್ಟ್ರಮ್ಮರ್, ಮಿಕ್ ಜೋನ್ಸ್, ಪಾಲ್ ಸಿಮೊನನ್, ಟಾಪರ್ ಹೆಡನ್. ನಡುನಡುವೆ ಫುಟ್‌ಬಾಲ್ ಆಡಿ, ಬೆವರೊರೆಸಿಕೊಂಡು ಮತ್ತೆ ಗಿಟಾರ್ ಹಿಡಿಯುತ್ತಿದ್ದರು. ರೆಗೆ, ಸ್ಕಾ, ರಾಕಬಿಲಿ, ಜಾಝ್ ಎಲ್ಲವೂ ಪಂಕ್‌ನೊಳಕ್ಕೆ ಹರಿದು ಬಂದದ್ದು ಅಲ್ಲಿಯೇ. ಹೆಡನ್‌ನಂಥ ಡ್ರಮ್ಮರ್ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಯಾವ ಲಯ ಕೇಳಿದರೂ ಅವನ ಕೈಯಲ್ಲಿತ್ತು.

ಧ್ವನಿಮುದ್ರಣ ನಡೆದದ್ದು ಲಂಡನ್ನಿನ ಹೈಬರಿಯ ವೆಸೆಕ್ಸ್ ಸ್ಟುಡಿಯೋದಲ್ಲಿ. ಅದು ಮೊದಲು ಚರ್ಚಿನ ಸಭಾಂಗಣವಾಗಿತ್ತು. ನಿರ್ಮಾಪಕ ಗೈ ಸ್ಟೀವನ್ಸ್ ವಿಪರೀತ ಕುಡಿಯುತ್ತಿದ್ದವನು. ತಂಡ ನುಡಿಸುತ್ತಿರುವಾಗಲೇ ಕುರ್ಚಿ ಎಸೆಯುತ್ತಿದ್ದ, ಏಣಿ ಬೀಸುತ್ತಿದ್ದ. ನುಡಿಸುವವರ ಮೈಯಲ್ಲಿ ಕಾವು ಏರಬೇಕು, ಅಷ್ಟೇ ಅವನ ಹಟ. ವಿನ್ಸ್ ಟೇಲರ್‌ನ ಹಳೆಯ ಹಾಡು ‘ಬ್ರ್ಯಾಂಡ್ ನ್ಯೂ ಕ್ಯಾಡಿಲಾಕ್’ ಅನ್ನು ಒಮ್ಮೆ ನುಡಿಸಿದಾಗ ಲಯ ಓಡಿಹೋಗಿತ್ತು. ಇನ್ನೊಮ್ಮೆ ನುಡಿಸೋಣ ಎಂದ ಹೆಡನ್. ಒಳ್ಳೆಯ ರಾಕ್ ಅಂದಮೇಲೆ ಓಡಲೇಬೇಕು ಎಂದು ಸ್ಟೀವನ್ಸ್ ಅದನ್ನೇ ಉಳಿಸಿಕೊಂಡ. ಈಗ ಕೇಳಿದರೂ ಆ ಓಟ ಎದೆಗೆ ತಾಗುತ್ತದೆ. 1981ರಲ್ಲಿ ಸ್ಟೀವನ್ಸ್ ತೀರಿಕೊಂಡ.

ಹೊದಿಕೆಯ ಚಿತ್ರ ನೋಡದವರು ವಿರಳ. 1979ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪಲೇಡಿಯಂನಲ್ಲಿ ತಂಡ ನುಡಿಸುತ್ತಿದ್ದಾಗ ಕಾವಲಿನವರು ಜನರನ್ನು ಕುರ್ಚಿಯಿಂದ ಏಳಗೊಡಲಿಲ್ಲ. ರೋಸಿಹೋದ ಸಿಮೊನನ್ ತನ್ನ ಬೇಸ್ ಗಿಟಾರನ್ನೇ ಎತ್ತಿ ನೆಲಕ್ಕೆ ಬಡಿದ. ಪೆನ್ನಿ ಸ್ಮಿತ್ ಕ್ಲಿಕ್ಕಿಸಿದ ಆ ಚಿತ್ರ ಮಸುಕಾಗಿತ್ತು. ಅದು ಬೇಡವೆಂದೇ ಆಕೆ ವಾದಿಸಿದರು. ಸ್ಟ್ರಮ್ಮರ್ ಪಟ್ಟು ಬಿಡಲಿಲ್ಲ. ಹೊದಿಕೆ ರೂಪಿಸಿದ ರೇ ಲೌರಿ ಅದರ ಮೇಲೆ ಗುಲಾಬಿ, ಹಸಿರು ಅಕ್ಷರಗಳನ್ನು ಕೂರಿಸಿದರು, ಎಲ್ವಿಸ್ ಪ್ರೀಸ್ಲಿಯ 1956ರ ಮೊದಲ ಆಲ್ಬಮ್ಮಿನಲ್ಲಿದ್ದಂತೆಯೇ.

ಹೊದಿಕೆಯಲ್ಲಿ 18 ಹಾಡುಗಳ ಹೆಸರಿದೆ. ಕೊನೆಗಳಿಗೆಯಲ್ಲಿ ಸೇರಿದ ‘ಟ್ರೇನ್ ಇನ್ ವೇನ್’ ಪಟ್ಟಿಗೆ ಸಿಗಲಿಲ್ಲ. ಅದರ ಹೆಸರನ್ನು ತಟ್ಟೆಯ ನಡುವಿನ ಖಾಲಿ ಜಾಗದಲ್ಲಿ ಗೀರಿದ್ದರು. ಪಟ್ಟಿ ಮುಗಿಯಿತೆಂದು ಎದ್ದ ಹುಡುಗ ಮುಳ್ಳು ಎತ್ತಲು ಕೈ ಚಾಚುವಷ್ಟರಲ್ಲಿ ಡ್ರಮ್ ಮತ್ತೆ ಶುರುವಾಗುತ್ತಿತ್ತು.