ರಜೆಗೆ ಗಲ್ಫ್‌ಗೆ ಹೊರಟವರ ಪೆಟ್ಟಿಗೆಯಲ್ಲಿ ಯಾರ ಸಾಮಾನು?

ಏಪ್ರಿಲ್ ಬಂತೆಂದರೆ ಕುಪ್ಪಳ್ಳಿಗೆ ಜನ ಬರುವ ಕಾಲ. ಕವಿಮನೆ ನೋಡಿ, ಕವಿಶೈಲ ಹತ್ತಿ, ಕಾಡಿನ ತಂಪು ಅನುಭವಿಸಿ ಹೋಗುತ್ತಾರೆ. ಅದೇ ಹೊತ್ತಿಗೆ ಕುಪ್ಪಳ್ಳಿ, ಕೊಪ್ಪ ರಸ್ತೆ, ತೀರ್ಥಹಳ್ಳಿ ಕಡೆಯ ನಮ್ಮ ಕೆಲವು ಮನೆಗಳಲ್ಲಿ ಹೊರಡುವ ಗಡಿಬಿಡಿ. ಮನೆಯ ಯಜಮಾನ ದುಬೈಯಲ್ಲೋ ಶಾರ್ಜಾದಲ್ಲೋ ಕೆಲಸದಲ್ಲಿದ್ದಾರೆ. ಅವರು ಊರಿಗೆ ಬರುವುದು ಇದ್ದದ್ದೇ. ಈ ಸಲ ಹೆಂಡತಿ ಮಕ್ಕಳೇ ವಿಸಿಟ್ ವೀಸಾದಲ್ಲಿ ಒಂದು ತಿಂಗಳು ಅಲ್ಲಿಗೆ. ಯಾರ್ಯಾರು ಹೊರಟಿದ್ದಾರೆ ಅನ್ನೋದು ಊರಿಗೆಲ್ಲ ಮೊದಲು ನಮಗೇ ಗೊತ್ತಾಗುತ್ತದೆ, ಮಕ್ಕಳಿಗೆ ರಜೆ ಕೇಳಲು ತಾಯಂದಿರು ಮದ್ರಸಕ್ಕೇ ಬರುತ್ತಾರಲ್ಲ.

ಇಲ್ಲೇ ಒಂದು ಸಣ್ಣ ತೊಡಕಿದೆ. ಶಾಲೆಯ ಲೆಕ್ಕ ಇಂಗ್ಲಿಷ್ ತಿಂಗಳಿನದ್ದು, ಮದ್ರಸದ್ದು ಹಿಜರಿ. ನಮಗೆ ದೊಡ್ಡ ರಜೆ ರಂಜಾನ್‌ನಲ್ಲಿ, ಹೊಸ ತರಗತಿ ಶುರುವಾಗುವುದು ಶವ್ವಾಲ್‌ನಲ್ಲಿ. ಹಿಜರಿ ವರ್ಷ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಹಾಗಾಗಿ ಈಗೀಗ ಶಾಲೆಗೆ ಬೇಸಿಗೆ ರಜೆ ಸಿಗುವಾಗ ನಮ್ಮಲ್ಲಿ ಹೊಸ ಪಾಠ ಶುರುವಾಗಿರುತ್ತದೆ. ಮಗುವನ್ನು ಕಳಿಸಲೇಬೇಡಿ ಅಂತ ಯಾವ ಉಸ್ತಾದರೂ ಹೇಳುವುದಿಲ್ಲ. ತಂದೆಯನ್ನು ನೋಡಲು ಹೋಗುವ ಮಗುವನ್ನು ತಡೆಯುವುದು ಯಾವ ನ್ಯಾಯ? ಆದರೆ ಹೋಗುವ ಮುಂಚೆ ಬಂದು ಪಾಠ ಗುರುತು ಹಾಕಿಸಿಕೊಳ್ಳಿ. ದಿನಕ್ಕೆ ಅರ್ಧ ಪುಟ ಓದಿಸಿದರೂ ಸಾಕು.

ತಯಾರಿ ಅಂದರೆ ನಮ್ಮ ಮನೆಗಳಲ್ಲಿ ಮೊದಲು ಬಟ್ಟೆ, ಆಮೇಲೆ ತಿಂಡಿ, ಕೊನೆಗೆ ಕಾಗದ ಪತ್ರ. ಇದು ತಲೆಕೆಳಗಾಗಬೇಕು. ಮಕ್ಕಳ ಪಾಸ್‌ಪೋರ್ಟ್‌ಗೆ ಅವಧಿ ಐದೇ ವರ್ಷ. ದೊಡ್ಡವರದ್ದು ಹತ್ತು ವರ್ಷ ಇರುವುದರಿಂದ ಮಕ್ಕಳದ್ದೂ ಇದೆ ಅಂದುಕೊಂಡು ಬೀರುವಿನಲ್ಲಿಟ್ಟು ಮರೆಯುತ್ತೇವೆ. ಪ್ರಯಾಣದ ದಿನಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ನವೀಕರಣಕ್ಕೆ ಶಿವಮೊಗ್ಗದ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ ಅಥವಾ ಮಂಗಳೂರಿನ ಕೇಂದ್ರಕ್ಕೆ ಹೋಗಬಹುದು. ಮಕ್ಕಳದ್ದಕ್ಕೆ ತಂದೆ ತಾಯಿ ಇಬ್ಬರ ಒಪ್ಪಿಗೆ ಕೇಳುತ್ತಾರೆ. ತಂದೆ ವಿದೇಶದಲ್ಲಿರುವ ಮನೆಯವರು ಆ ಕಾಗದದ ವಿಚಾರವನ್ನು ಟಿಕೆಟ್ ತೆಗೆಯುವ ಮುಂಚೆಯೇ ಮುಗಿಸಿಕೊಳ್ಳಿ.

ಹೆಸರಿನ ಸಂಗತಿ ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಎಷ್ಟೋ ಹೆಣ್ಮಕ್ಕಳ ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುತ್ತದೆ, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಲ್ಲಿ ಯುಎಇ ಇದಕ್ಕೊಂದು ನಿಯಮ ತಂದಿತು. ಹೀಗೆ ಒಂದೇ ಹೆಸರಿರುವವರನ್ನು ವಿಸಿಟ್ ಅಥವಾ ಟೂರಿಸ್ಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ. ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತಾರೆ ಅಂತ ಆಮೇಲೆ ಸ್ಪಷ್ಟಪಡಿಸಿದರು. ನಿಮ್ಮ ಪಾಸ್‌ಪೋರ್ಟ್ ಈಗಲೇ ತೆಗೆದು ನೋಡಿ. ಸಂಶಯವಿದ್ದರೆ ಟಿಕೆಟ್ ಮಾಡುವ ಏಜೆಂಟರಲ್ಲಿ ಬಾಯಿಮಾತಲ್ಲಿ ಕೇಳಬೇಡಿ, ಪುಟದ ಫೋಟೋ ತೋರಿಸಿ ಕೇಳಿ.

ವೀಸಾ 30 ದಿನದ್ದೋ 60 ದಿನದ್ದೋ ಅನ್ನುವುದನ್ನೂ ಸರಿಯಾಗಿ ತಿಳಿದುಕೊಂಡಿರಿ. ಅವಧಿ ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ, ಅದೂ ತಲೆಗೆ. ನಾಲ್ಕು ಜನರ ಕುಟುಂಬ ಒಂದು ವಾರ ತಡ ಮಾಡಿದರೆ 1,400 ದಿರ್ಹಮ್ ಆಗುತ್ತದೆ.

ಇನ್ನು ಪೆಟ್ಟಿಗೆ. ಒಂದು ಮನೆಯವರು ಗಲ್ಫ್‌ಗೆ ಹೊರಟರೆ ಸುತ್ತಲಿನ ಹತ್ತು ಮನೆಗಳಲ್ಲಿ ಪೊಟ್ಟಣ ಕಟ್ಟಲು ಶುರು. ಒಬ್ಬರ ಮಗ ಅಲ್ಲಿದ್ದಾನೆ, ಅವನಿಗೆ ಒಣಮೀನು. ಇನ್ನೊಬ್ಬರ ಅಳಿಯನಿಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಮತ್ತೊಬ್ಬರದ್ದು ಏನೋ ಮದ್ದು, ಕಾಗದದಲ್ಲಿ ಸುತ್ತಿದ್ದು. ಪ್ರೀತಿಯಿಂದಲೇ ಕೊಡುತ್ತಾರೆ, ಬೇಡ ಅನ್ನಲು ನಾಲಿಗೆ ಏಳುವುದಿಲ್ಲ. "ಬಿಚ್ಚಿ ನೋಡಿದರೆ ಅವರು ಏನಂದ್ಕೊಳ್ತಾರೆ ಉಸ್ತಾದ್?" ಅಂತ ಒಬ್ಬ ತಾಯಿ ಕೇಳಿದರು. ಏನಾದರೂ ಅಂದುಕೊಳ್ಳಲಿ ತಾಯಿ, ಬಿಚ್ಚಿ ನೋಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, 2019ರ ಜುಲೈಯಲ್ಲಿ ಮುಂಬೈಯ ಮುಸ್ಲಿಮ್ ದಂಪತಿಯೊಂದು ಕತಾರ್‌ಗೆ ರಜೆಗೆಂದು ಹೋಯಿತು. ಹೊಸದಾಗಿ ಮದುವೆಯಾದವರು, ಹೆಂಡತಿ ಬಸುರಿ. ಪ್ರವಾಸದ ಏರ್ಪಾಡು ಮಾಡಿಕೊಟ್ಟದ್ದು ಗಂಡನ ಸ್ವಂತ ಸೋದರತ್ತೆ. ಅಲ್ಲಿ ಒಬ್ಬರಿಗೆ ಕೊಡಿ ಅಂತ ಒಂದು ಪೊಟ್ಟಣವನ್ನೂ ಕೊಟ್ಟಿದ್ದರು. ದೋಹಾ ವಿಮಾನ ನಿಲ್ದಾಣದಲ್ಲಿ ಬಿಚ್ಚಿದಾಗ ಒಳಗೆ ನಾಲ್ಕು ಕಿಲೋ ಮೇಲೆ ಹಶೀಶ್. ಇಬ್ಬರಿಗೂ 10 ವರ್ಷ ಜೈಲು ಶಿಕ್ಷೆಯಾಯಿತು. ಹೆಣ್ಣು ಮಗು ಹುಟ್ಟಿದ್ದು ಜೈಲಿನಲ್ಲೇ. ಮುಂಬೈಯಲ್ಲಿ ಹೆತ್ತವರು ಬಾಗಿಲು ಬಾಗಿಲು ತಟ್ಟಿ, ಭಾರತದ ಮಾದಕ ವಸ್ತು ನಿಯಂತ್ರಣ ಬ್ಯೂರೋ ತನಿಖೆ ಮಾಡಿ, ಇವರಿಗೆ ಏನೂ ಗೊತ್ತಿರಲಿಲ್ಲ ಅಂತ ತೋರಿಸಿಕೊಟ್ಟ ಮೇಲೆ ಅಲ್ಲಿನ ನ್ಯಾಯಾಲಯ ಬಿಟ್ಟಿತು. ಮಗುವನ್ನು ಎತ್ತಿಕೊಂಡು ಅವರು ಊರು ಸೇರಿದ್ದು 2021ರ ಏಪ್ರಿಲ್‌ನಲ್ಲಿ. ಕೊಟ್ಟವರು ಪರಕೀಯರಲ್ಲ ನೋಡಿ, ತಂದೆಯ ಒಡಹುಟ್ಟಿದವಳು.

ನಮ್ಮ ಊರಿನ ಪೊಟ್ಟಣಗಳಲ್ಲಿ ಅಂಥದ್ದೇನೂ ಇರುವುದಿಲ್ಲ ಅನ್ನಬಹುದು. ಇಲ್ಲಿ ತಪ್ಪೇ ಅಲ್ಲದ ವಸ್ತು ಅಲ್ಲಿ ಅಪರಾಧವಾಗುತ್ತದೆ ಅನ್ನುವುದೇ ಕಷ್ಟ. ಗಸಗಸೆ ಇಲ್ಲದ ಅಡಿಗೆಮನೆ ನಮ್ಮಲ್ಲಿ ಕಮ್ಮಿ. ಪಾಯಸಕ್ಕೆ ಬೇಕು, ಕುರ್ಮಾಕ್ಕೆ ಬೇಕು. ಆದರೆ ಅದು ಅಫೀಮು ಗಿಡದ ಬೀಜ. ಯುಎಇ, ಸೌದಿ ಎರಡೂ ಕಡೆ ನಿಷೇಧ, ಸಿಕ್ಕಿದರೆ ಮಾದಕ ವಸ್ತುವಿನ ಕೇಸು. ಬಿಡಿ ಗಸಗಸೆ ಯಾರೂ ಒಯ್ಯಲಿಕ್ಕಿಲ್ಲ. ಮನೆಯಲ್ಲಿ ಹುರಿದು ಪುಡಿ ಮಾಡಿದ ಮಸಾಲೆಯಲ್ಲಿ ಸೇರಿರುತ್ತದೆ. ಮಸಾಲೆ ಪುಡಿ ಮಾಡುವ ದಿನವೇ ಅದನ್ನು ಬಿಟ್ಟುಬಿಡಿ. ಇನ್ನೂ ಒಳ್ಳೆಯದು, ಮಸಾಲೆಯನ್ನು ಅಲ್ಲೇ ತಗೊಳ್ಳಿ. ದುಬೈಯಲ್ಲಿ ನಮ್ಮ ಕರಾವಳಿಯವರ, ಮಲಯಾಳಿಗಳ ಅಂಗಡಿಗಳಿಗೇನು ಬರವೇ?

ಎಲೆ ಅಡಿಕೆಯದ್ದೂ ಅದೇ ಕಥೆ. ತೀರ್ಥಹಳ್ಳಿ ಅಂದರೆ ಅಡಿಕೆಯ ಸೀಮೆ, ನೆಂಟರಿಗೆ ಒಳ್ಳೆಯ ಸರಕು ಅಡಿಕೆ ಕೊಡುವುದು ಇಲ್ಲಿ ಗೌರವ. ಆದರೆ ವೀಳ್ಯದೆಲೆ ಸೇರಿ ಪಾನ್ ಸಾಮಗ್ರಿಗಳು ದುಬೈ ಕಸ್ಟಮ್ಸ್‌ನ ನಿಷೇಧಿತ ಪಟ್ಟಿಯಲ್ಲಿವೆ. ಜೊತೆಗೆ ಹೊರಟ ಅಜ್ಜಿಯ ಎಲೆ ಅಡಿಕೆ ಚೀಲ ಊರಲ್ಲೇ ಇರಲಿ. ಅವರಿಗೆ ಬೇಸರವಾಗುತ್ತದೆ, ಹೊರಡುವ ಹದಿನೈದು ದಿನ ಮೊದಲೇ ಕಮ್ಮಿ ಮಾಡಿಸುತ್ತಾ ಬನ್ನಿ.

ಒಣ ಕೊಬ್ಬರಿ ಒಯ್ಯುವ ರೂಢಿ ಬಹಳ. ಎಣ್ಣೆಯ ಅಂಶ ಹೆಚ್ಚಿ ಬೆಂಕಿ ಹತ್ತಬಹುದು ಅಂತ 2022ರಿಂದ ಅದನ್ನು ಚೆಕ್‌ಇನ್ ಪೆಟ್ಟಿಗೆಗೆ ಹಾಕುವಂತಿಲ್ಲ, ಇದು ನಮ್ಮ ದೇಶದ್ದೇ ನಿಯಮ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು. ಜೇನು, ತುಪ್ಪ, ಎಣ್ಣೆ 100 ಮಿಲಿಗಿಂತ ಜಾಸ್ತಿ ಇದ್ದರೆ ಕೈಚೀಲಕ್ಕೆ ಬೇಡ.

ಮದ್ದಿನ ವಿಷಯದಲ್ಲಿ ಹುಷಾರು. ಬಿಪಿ, ಸಕ್ಕರೆಯ ಮಾತ್ರೆಗೆ ಗಾಬರಿ ಬೇಡ, ಡಾಕ್ಟರ ಚೀಟಿ ಮತ್ತು ಮೂಲ ಪ್ಯಾಕೆಟ್ ಸಮೇತ ಇಟ್ಟುಕೊಳ್ಳಿ. ಆದರೆ ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ನಿದ್ದೆಗೆ, ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಔಷಧ. ಅಂಥದ್ದು ಬೇಕೇ ಬೇಕಾದರೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ಡಾಕ್ಟರ ಹತ್ತಿರ "ದುಬೈಗೆ ಹೋಗ್ತಿದ್ದೇವೆ, ಇದರಲ್ಲಿ ಅಂಥದ್ದು ಇದೆಯಾ?" ಅಂತ ಒಂದು ಮಾತು ಕೇಳಿ. ಹೆಸರು ಬರೆಯದ ನಾಟಿ ಪುಡಿ, ಲೇಹ್ಯ ಯಾರೇ ಕೊಟ್ಟರೂ ಬೇಡ.

ಯಾರದ್ದಾದರೂ ಸಾಮಾನು ಒಪ್ಪಿಕೊಂಡರೆ ಅದು ಅಮಾನತ್, ಸರಿಯಾಗಿ ತಲುಪಿಸುವುದು ನಿಮ್ಮ ಹೊಣೆ. ಒಪ್ಪಿಕೊಳ್ಳುವ ಮೊದಲು ಕೇಳುವುದು, ಬಿಚ್ಚಿ ನೋಡುವುದು, ಆಗುವುದಿಲ್ಲ ಅನ್ನುವುದು ಇವು ಯಾವುವೂ ಸಂಬಂಧ ಕಡಿದಂತಲ್ಲ. ಕೊಡುವವರೂ ಅಷ್ಟೇ, ಪೊಟ್ಟಣಕ್ಕೆ ಟೇಪು ಸುತ್ತದೆ ತೆರೆದೇ ಕೊಟ್ಟರೆ ಹೋಗುವವರಿಗೆ ಕೇಳುವ ಸಂಕಟ ತಪ್ಪುತ್ತದೆ.

ಬಿಸಿಲಿನ ಬಗ್ಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಅದರ ನೆರಳಲ್ಲೇ ಬೆಳೆದ ಮಕ್ಕಳು ನಮ್ಮವು. ಬಾಯಾರಿಕೆ ಅನ್ನುವುದೇ ಅವರಿಗೆ ಅಭ್ಯಾಸವಿಲ್ಲ. ದುಬೈಯಲ್ಲಿ ಮೇ ತಿಂಗಳಲ್ಲೇ 40 ಡಿಗ್ರಿ ಮುಟ್ಟುತ್ತದೆ, ಸಮುದ್ರದ ಪಕ್ಕ ಆದ್ದರಿಂದ ಬೆವರೂ ಜಾಸ್ತಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಯಲಲ್ಲಿ ಕೆಲಸ ಮಾಡಿಸುವುದನ್ನೇ ಅಲ್ಲಿನ ಸರಕಾರ ನಿಷೇಧಿಸಿದೆ. ದೊಡ್ಡ ಗಂಡಸರಿಗೇ ಹಾಗಾದರೆ ಮಕ್ಕಳ ಪಾಡೇನು? ರಜೆ ಸಿಕ್ಕ ಕೂಡಲೇ ಏಪ್ರಿಲ್‌ನಲ್ಲೇ ಹೊರಡಿ. ಮಕ್ಕಳು ಕೇಳಲಿ ಬಿಡಲಿ, ಗಂಟೆಗೊಮ್ಮೆ ನೀರು ಕೊಡಿ. ತೆಳು ಹತ್ತಿ ಬಟ್ಟೆ ಇರಲಿ. ಜೊತೆಗೆ ಒಂದೊಂದು ಸ್ವೆಟರ್ ಕೂಡ. ಮಾಲ್, ಬಸ್, ಮೆಟ್ರೋಗಳ ಎಸಿಯ ಚಳಿ ನಮ್ಮ ಡಿಸೆಂಬರ್‌ನ ಚಳಿಗಿಂತ ಕಮ್ಮಿಯೇನಲ್ಲ. ಮೆಟ್ರೋದೊಳಗೆ ತಿನ್ನುವುದು, ಕುಡಿಯುವುದು ಮಾಡಿದರೆ 100 ದಿರ್ಹಮ್ ದಂಡ, ಮಕ್ಕಳ ಬಿಸ್ಕತ್ತು ಪ್ಯಾಕೆಟ್ ಹತ್ತುವ ಮೊದಲೇ ಒಳಗಿಡಿ. ಎದುರು ಸಿಕ್ಕ ಅಪರಿಚಿತರ ಫೋಟೋ, ವಿಡಿಯೋ ಬೇಡ, ಅನುಮತಿ ಇಲ್ಲದೆ ತೆಗೆದರೆ ಅಲ್ಲಿ ಅದೂ ಅಪರಾಧ.

ಹೆಂಡತಿ ಮಕ್ಕಳು ಮನಸ್ಸನ್ನೂ ಸ್ವಲ್ಪ ತಯಾರು ಮಾಡಿಕೊಂಡಿರಬೇಕು. ಫೋಟೋದಲ್ಲಿ ಕಾಣುವ ದುಬೈ 828 ಮೀಟರಿನ ಬುರ್ಜ್ ಖಲೀಫಾ. ಉಪ್ಪ ಇರುವ ದುಬೈ ನಾಲ್ಕಾರು ಜನ ಹಂಚಿಕೊಂಡ ಕೋಣೆ. ಕುಟುಂಬ ಬರುತ್ತದೆಂದು ಒಂದು ತಿಂಗಳಿಗೆ ಬೇರೆ ಸಣ್ಣ ಕೋಣೆ ಹಿಡಿದಿರುತ್ತಾರೆ, ಅದರ ಬಾಡಿಗೆಗೆ ಎಷ್ಟು ತಿಂಗಳು ಉಳಿಸಿದ್ದಾರೋ! ಬೆಳಗ್ಗೆ ಹೋದವರು ರಾತ್ರಿ ಬರುತ್ತಾರೆ. ಅಲ್ಲಿ 2022ರ ಜನವರಿಯಿಂದ ಸರಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ ಆಯಿತು. ಅಂಗಡಿ, ಹೋಟೆಲಿನಲ್ಲಿ ದುಡಿಯುವ ಎಷ್ಟೋ ಜನರಿಗೆ ವಾರಕ್ಕೆ ಸಿಗುವುದು ಒಂದೇ ದಿನ. ಅಂಗಳ, ತೋಟ, ಹಳ್ಳ ಅಂತ ಓಡಾಡಿದ ಮಗು ಹಗಲಿಡೀ ನಾಲ್ಕು ಗೋಡೆಯೊಳಗೆ ಇರಬೇಕಾಗುತ್ತದೆ. ಓದಲು ಪುಸ್ತಕ, ಬಿಡಿಸಲು ಬಣ್ಣ ಒಯ್ಯಿರಿ. ನೋಡುವ ಜಾಗಗಳ ಪಟ್ಟಿ ಉದ್ದ ಮಾಡಿ ಅವರ ಮೇಲೆ ಹೊರೆ ಹಾಕಬೇಡಿ. ಡೇರಾದಿಂದ ಬರ್ ದುಬೈಗೆ ಕ್ರೀಕ್ ದಾಟಿಸುವ ಅಬ್ರಾ ದೋಣಿಗೆ ಒಂದು ದಿರ್ಹಮ್. ಸಂಜೆ ಉಪ್ಪನ ಜೊತೆ ಅದರಲ್ಲಿ ಹೋಗಿ ಬಂದರೆ ತುಂಗೆಯ ದಡದ ಮಕ್ಕಳಿಗೆ ಸಾಕಷ್ಟು ಖುಷಿಯಾಗುತ್ತದೆ.

ನಮಾಝ್ ಬಗ್ಗೆ ಬಹಳ ಜನ ಕೇಳುತ್ತಾರೆ, ಅಲ್ಲಿದ್ದಷ್ಟು ದಿನವೂ ಕಸ್ರ್ ಮಾಡಬಹುದಾ ಅಂತ. ನಮ್ಮ ಶಾಫಿಈ ಮಝ್‌ಹಬ್ ಪ್ರಕಾರ, ತಲುಪುವ ದಿನ ಮತ್ತು ಹೊರಡುವ ದಿನ ಬಿಟ್ಟು ನಾಲ್ಕು ದಿನ ಅಥವಾ ಹೆಚ್ಚು ಒಂದೇ ಊರಿನಲ್ಲಿ ಉಳಿಯುವ ನಿಯ್ಯತ್ ಇದ್ದರೆ ಅಲ್ಲಿ ತಲುಪಿದ ಮೇಲೆ ಪೂರ್ತಿ ನಮಾಝ್. ಕಸ್ರ್, ಜಮ್ಅ್‌ನ ರಿಯಾಯಿತಿ ದಾರಿಯಲ್ಲಿ ಮಾತ್ರ.

ಊರಲ್ಲಿ ಉಳಿಯುವ ಉಮ್ಮನ ಫೋನಿಗೆ ಬೋಟಿಮ್ ಹಾಕಿ, ಕರೆ ಮಾಡುವುದನ್ನು ಕಲಿಸಿ ಹೋಗಿ. ಅಲ್ಲಿಂದ ವಾಟ್ಸ್‌ಆ್ಯಪ್ ಕರೆ ಹೋಗುವುದಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಬಿದ್ದು 158 ಜನ ತೀರಿಕೊಂಡ ದಿನವನ್ನು ಹಿರಿಯರು ಮರೆತಿಲ್ಲ. ಇಳಿದ ಕೂಡಲೇ ಒಂದು ಕರೆ ಬಾರದಿದ್ದರೆ ಅವರಿಗೆ ಅನ್ನ ಇಳಿಯುವುದಿಲ್ಲ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಅಂತಲೂ ಹೇಳಿಟ್ಟಿರಿ.

ವಾಪಸ್ ಬರುವಾಗ ಚಿನ್ನದ ಆಸೆ. ಸುಂಕವಿಲ್ಲದೆ ಹೆಂಗಸರು 40 ಗ್ರಾಂ, ಗಂಡಸರು 20 ಗ್ರಾಂ ಆಭರಣ ತರಬಹುದು ಅನ್ನುವುದು ಒಂದು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿದ್ದವರಿಗೆ ಮಾತ್ರ. ಒಂದು ತಿಂಗಳು ಹೋಗಿ ಬಂದವರಿಗೆ ಆ ರಿಯಾಯಿತಿ ಇಲ್ಲ. ಹೋಗುವಾಗ ಮೈಮೇಲೆ ಒಡವೆ ಹೆಚ್ಚಿದ್ದರೆ ಇಲ್ಲಿನ ಕಸ್ಟಮ್ಸ್‌ನಲ್ಲಿ ತೋರಿಸಿ ಚೀಟಿ ಮಾಡಿಸಿಕೊಳ್ಳಿ, ಇಲ್ಲವಾದರೆ ಮನೆಯಲ್ಲೇ ಬಿಟ್ಟು ಹೋಗಿ. ಬಜ್ಪೆಯಲ್ಲಿ ಇಳಿಯುವುದು ಮೇ ಕೊನೆಗಾದರೆ ಘಾಟಿಯಲ್ಲಿ ಮಳೆ ಶುರುವಾಗಿರಬಹುದು, ಕರೆದೊಯ್ಯಲು ಬರುವ ಗಾಡಿಯವರಿಗೆ ಛತ್ರಿ, ಟಾರ್ಪಾಲು ತರಲು ಹೇಳಿಡಿ.