ಟಾವರ್ ದೂರಾದಷ್ಟೂ ಮೊಬೈಲಿನ ಕೂಗು ಜೋರು

ತಿಕೋಟಾ ಹತ್ತಿರದ ಒಂದು ದ್ರಾಕ್ಷಿ ತೋಟ. ರೇಂಜಿಗಾಗಿ ಬದುವಿನ ಮೇಲೆ ನಿಂತ ಹುಡುಗಿ, ವಿಜಯಪುರದ ಹಾಸ್ಟೆಲಿನಲ್ಲಿರುವ ಅಣ್ಣನ ಜೊತೆ ಫೋನನ್ನು ಕಿವಿಗೆ ಒತ್ತಿಕೊಂಡು ಮಾತಾಡುತ್ತಿದ್ದಳು. “ಸಾಕ್ ಇಡವಾ, ರೇಡಿಯೇಶನ್ ತಲಿಗೆ ಹತ್ತತೈತಿ. ಅದಕ್ಕ ನಮ್ಮ ಓಣ್ಯಾಗ ಟಾವರ್ ಬ್ಯಾಡ ಅಂದೀವಿ” ಎಂದರು ತಾಯಿ.

ಮಗಳ ಮೇಲಿನ ಕಾಳಜಿ ನಿಜ, ಲೆಕ್ಕ ಮಾತ್ರ ತಿರುವುಮುರುವು. ಗೋಳಗುಮ್ಮಟದ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೂ ಎದುರು ಬದಿಗೆ ಕೇಳುತ್ತದೆ. ಹೊರಗಿನ ಬಯಲಲ್ಲಿ ಅಷ್ಟೇ ದೂರಕ್ಕೆ ಗಂಟಲೆತ್ತಿ ಕೂಗಬೇಕು. ಮೊಬೈಲಿನದೂ ಹೀಗೇ. ಟಾವರ್ ಹತ್ತಿರವಿದ್ದು ರೇಂಜ್ ತುಂಬಿದ್ದರೆ ಅದು ಪಿಸುಗುಟ್ಟುತ್ತದೆ. ಒಂದೇ ಕಡ್ಡಿ ಉಳಿದರೆ ತನ್ನ ಶಕ್ತಿಯನ್ನೆಲ್ಲ ಹಾಕಿ ಕೂಗುತ್ತದೆ, ಅದೂ ಕಿವಿಗೆ ಅಂಟಿಕೊಂಡು. ತರಂಗ ದೂರ ಹೋದಂತೆ ಬೇಗನೆ ಕ್ಷೀಣಿಸುವುದರಿಂದ, ಮಾತಾಡುವವರ ತಲೆಗೆ ತಾಗುವುದರಲ್ಲಿ ಹೆಚ್ಚಿನ ಪಾಲು ಕೈಯಲ್ಲಿನ ಫೋನಿನದೇ ಹೊರತು ದೂರದ ಟಾವರಿನದಲ್ಲ.

‘ರೇಡಿಯೇಶನ್’ ಎಂಬ ಪದವೇ ಅರ್ಧ ಭಯಕ್ಕೆ ಕಾರಣ. ಎಕ್ಸ್-ರೇ ಕೂಡ ರೇಡಿಯೇಶನ್, ಬಿಸಿಲು ಕೂಡ. ಎಕ್ಸ್-ರೇ ಜೀವಕೋಶದ ಡಿಎನ್‌ಎ ಮುರಿಯಬಲ್ಲದು. ಮೊಬೈಲಿನ ರೇಡಿಯೊ ತರಂಗದ ಒಂದೊಂದು ಕಣದ ಶಕ್ತಿ, ಕಣ್ಣಿಗೆ ಕಾಣುವ ಬೆಳಕಿನ ಕಣದ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಅದರಿಂದ ಖಚಿತವಾಗಿ ಆಗುವುದು ಅಲ್ಪಸ್ವಲ್ಪ ಬಿಸಿ. ಈ ಬಿಸಿಯ ಲೆಕ್ಕದಲ್ಲೇ ಭಾರತ 2012ರಲ್ಲಿ ಹ್ಯಾಂಡ್‌ಸೆಟ್‌ಗಳಿಗೆ ಮಿತಿ ಹಾಕಿತು: ಕೆ.ಜಿ.ಗೆ 1.6 ವಾಟ್. *#07# ಒತ್ತಿದರೆ ಬಹಳಷ್ಟು ಫೋನುಗಳು ತಮ್ಮ ಅಂಕಿಯನ್ನು ತೋರಿಸುತ್ತವೆ.

ಹಾಗಾದರೆ ಮಕ್ಕಳ ಮಾತೇನು? ಅವರ ತಲೆಬುರುಡೆ ತೆಳು, ಆದ್ದರಿಂದ ಅದೇ ಫೋನಿನಿಂದ ಮಿದುಳಿನ ಕೆಲವು ಭಾಗ ದೊಡ್ಡವರದಕ್ಕಿಂತ ಹೆಚ್ಚು ಹೀರುತ್ತದೆ. ಇದನ್ನು ಮುಚ್ಚಿಡಬಾರದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ತರಂಗಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು’ ಎಂಬ 2ಬಿ ಗುಂಪಿಗೆ ಸೇರಿಸಿದ್ದೂ ಹೌದು. ‘ಕ್ಯಾನ್ಸರ್ ತರುತ್ತದೆ’ ಎಂದು ಅದು ಹೇಳಲಿಲ್ಲ; ಪುರಾವೆ ಅರೆಬರೆ, ಇನ್ನೂ ನೋಡಬೇಕು ಎಂದಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಆಮೇಲೆ ನೋಡಿದ್ದೂ ಆಯಿತು. ಭಾರತವೂ ಸೇರಿ 14 ದೇಶಗಳಲ್ಲಿ 10ರಿಂದ 24 ವಯಸ್ಸಿನವರ ನಡುವೆ ನಡೆದ ‘ಮೊಬಿ-ಕಿಡ್ಸ್’ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮೊಬೈಲ್ ಬಳಕೆಯಿಂದ ಮಿದುಳಿನ ಗಡ್ಡೆ ಬರುತ್ತದೆನ್ನಲು ಅದರಲ್ಲಿ ಆಧಾರ ಸಿಗಲಿಲ್ಲ. ಹತ್ತು ವರ್ಷದೊಳಗಿನ ಕೂಸುಗಳು ಆ ಲೆಕ್ಕದಲ್ಲಿ ಇರಲಿಲ್ಲ. ಹಾಗಾಗಿ ಬದುವಿನ ಮೇಲಿನ ಆ ಹುಡುಗಿಗೆ ಸ್ಪೀಕರ್ ಹಚ್ಚಿ ಮಾತಾಡು ಎನ್ನುವುದು ಸರಿ. ಗೇಣುದ್ದ ದೂರ ಹಿಡಿದರೂ ತಲೆಗೆ ತಾಗುವುದು ಬಹಳ ಇಳಿಯುತ್ತದೆ.

ನನ್ನನ್ನು ನಿಜಕ್ಕೂ ಕಾಡಿದ್ದು ಬಬಲೇಶ್ವರದಲ್ಲಿ ಕಂಡದ್ದು. ಒಂದೂವರೆ ವರ್ಷದ ಕೂಸಿಗೆ ಆಯಿ ಹಾಲು-ರೊಟ್ಟಿ ಉಣಿಸುತ್ತಿದ್ದರು. ನೀರಿನ ತಂಬಿಗೆಗೆ ಆನಿಸಿಟ್ಟ ಫೋನಿನಲ್ಲಿ ಕಾರ್ಟೂನ್. ತುತ್ತು ಬಂದಾಗ ಕೂಸು ಬಾಯಿ ತೆರೆಯುತ್ತಿತ್ತು, ಆಯಿಯ ಮುಖದ ಕಡೆ ಒಮ್ಮೆಯೂ ತಿರುಗಲಿಲ್ಲ. “ರೇಡಿಯೇಶನ್ ಬರಬಾರ್ದಂತ ಇಮಾನದ ಗುರ್ತು ಒತ್ತೇನ್ರಿ” ಎಂದರು ಅವರು.

ಏರೋಪ್ಲೇನ್ ಮೋಡಿನಲ್ಲಿ, ವೈಫೈ ಮತ್ತು ಬ್ಲೂಟೂತ್ ಕೂಡ ಆಫ್ ಆಗಿದ್ದರೆ, ಫೋನ್ ತರಂಗ ಬಿಡುವುದಿಲ್ಲ. ಆದರೆ ಆ ಕೂಸು ಕಳೆದುಕೊಳ್ಳುತ್ತಿದ್ದದ್ದು ಆಯಿಯ ಮಾತು. ತಡವಾಗುವ ನುಡಿ, ಕೆಡುವ ನಿದ್ದೆ, ಬಯಲಿಗೆ ಹೋಗದ ಕಣ್ಣಿಗೆ ಬೇಗ ಬರುವ ಚಷ್ಮಾ, ಇವಕ್ಕೆ ರೇಡಿಯೇಶನ್ ಬೇಕಿಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, ಐದರವರೆಗೆ ದಿನಕ್ಕೆ ಒಂದು ತಾಸು ಮೀರಬಾರದು ಎನ್ನುತ್ತದೆ. ಚಿಕ್ಕ ಕೂಸಿಗೂ ಅದು ಬಿಟ್ಟುಕೊಟ್ಟಿರುವುದು ಒಂದನ್ನೇ: ಆಗೀಗ ಬಳಗದವರೊಡನೆ ವಿಡಿಯೊ ಕಾಲ್. ಕೂಸಿನ ಅಪ್ಪ ಪುಣೆಯಲ್ಲಿದ್ದಾನಂತೆ. ಕಾರ್ಟೂನ್ ಬಂದ್ ಮಾಡಿ, ವಿಮಾನದ ಗುರುತು ತೆಗೆದು, ಅವನಿಗೊಂದು ಕಾಲ್ ಹಚ್ಚಿರಿ ಎಂದೆ.